ವಾಚನಪೀಠದವರೆಗೆ ಹದಿನಾಲ್ಕು ಹೆಜ್ಜೆ

ಭಾನುವಾರದ ಬಲಿಪೂಜೆಗೆ ಇನ್ನು ಹತ್ತು ನಿಮಿಷವಿದೆ ಎನ್ನುವಾಗ ನಮ್ಮ ದೇವಾಲಯಗಳ ಬಾಗಿಲ ಬಳಿ ನಡೆಯುವ ಒಂದು ಸಣ್ಣ ಪ್ರಹಸನವನ್ನು ಓದುಗರೆಲ್ಲ ಬಲ್ಲರು. ಧರ್ಮಭಗಿನಿಯೊಬ್ಬರು ಕೈಯಲ್ಲಿ ವಾಚನದ ಪುಸ್ತಕ ಹಿಡಿದು, ಒಳಬರುವವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತಿರುತ್ತಾರೆ. ಅವರನ್ನು ದೂರದಿಂದಲೇ ಕಂಡವರು ಪಕ್ಕದ ಬಾಗಿಲಿನಿಂದ ಒಳಸೇರುತ್ತಾರೆ. ತಪ್ಪಿಸಿಕೊಳ್ಳಲಾಗದೆ ಎದುರು ಸಿಕ್ಕವರು “ಚಾಳೀಸು ಮನ್ಯಾಗ ಬಿಟ್ಟು ಬಂದೇನ್ರಿ ಸಿಸ್ಟರ್” ಎನ್ನುತ್ತಾರೆ. ಗಂಟಲು ಕೆಟ್ಟಿದೆ ಎನ್ನುವವರೂ ಉಂಟು. ಅದೇ ಗಂಟಲು ಸ್ವಲ್ಪ ಹೊತ್ತಿನಲ್ಲಿ ಪ್ರವೇಶಗೀತೆಯನ್ನು ಗಟ್ಟಿಯಾಗಿ ಹಾಡುತ್ತಿರುತ್ತದೆ. ಕಡೆಗೆ ಪ್ರತಿವಾರ ಓದುವ ಅದೇ ನಿವೃತ್ತ ಶಿಕ್ಷಕರು ಎದ್ದುಹೋಗಿ ಓದುತ್ತಾರೆ. ಪೂಜೆ ಸಾಂಗವಾಗಿ ನೆರವೇರುತ್ತದೆ. ಯಾರಿಗೂ ಏನೂ ನಷ್ಟವಾದಂತೆ ತೋರುವುದಿಲ್ಲ.

ನಷ್ಟವಾಗಿದೆ ಎಂಬುದೇ ನಮ್ಮ ವಾದ. ಅದನ್ನು ಮಂಡಿಸುವ ಮುನ್ನ ನಮ್ಮದೇ ಒಂದು ತಪ್ಪೊಪ್ಪಿಗೆ ಇಲ್ಲಿ ಸಲ್ಲಬೇಕು.

ನಾವು ಮೊದಲ ಸಲ ವಾಚನ ಮಾಡಿದ್ದು ಬಹಳ ವರ್ಷಗಳ ಹಿಂದೆ. ನಾವು ಕುಳಿತಿದ್ದ ಬೆಂಚಿನಿಂದ ವಾಚನಪೀಠಕ್ಕೆ ಹದಿನಾಲ್ಕು ಹೆಜ್ಜೆ. ಎಣಿಸಿದ್ದರಿಂದಲೇ ಇಂದಿಗೂ ನೆನಪಿದೆ. ಶಿಲುಬೆಯ ಹಾದಿಯ ಸ್ಥಳಗಳೂ ಹದಿನಾಲ್ಕೇ ಎಂಬುದು ಆಗ ಹೊಳೆದು, ಅಳುಕು ಇನ್ನಷ್ಟು ಹೆಚ್ಚಿತು. ಎದೆ ಢವಢವ ಹೊಡೆದುಕೊಳ್ಳುತ್ತಿತ್ತು, ನಾಲಗೆ ಅಂಗುಳಿಗೆ ಅಂಟಿತ್ತು, ಪುಟ ತಿರುಗಿಸಿದ ಬೆರಳುಗಳಿಗೆ ಸ್ಪರ್ಶಜ್ಞಾನವೇ ಇರಲಿಲ್ಲ. ಎರಡು ಹಾಳೆ ಒಟ್ಟಿಗೆ ಮಗುಚಿದವು. ಪ್ರವಾದಿಯ ಅರ್ಧ ವಾಕ್ಯಕ್ಕೆ ಬೇರಾವುದೋ ಭಾನುವಾರದ ಅರ್ಧ ವಾಕ್ಯ ಸೇರಿಕೊಂಡಿತು. ನಾವು ಅದನ್ನು ಅರಿಯದೆ, ಅತ್ಯಂತ ಗಂಭೀರವಾಗಿ, ಕೊನೆಯವರೆಗೆ ಓದಿ ಮುಗಿಸಿದೆವು. ಪೀಠದಿಂದ ಇಳಿಯುವಾಗಲಷ್ಟೇ ತಪ್ಪು ತಿಳಿಯಿತು. ನೆಲ ಬಾಯಿಬಿಡಬಾರದೆ ಎನಿಸಿತು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಮುಖ ತಪ್ಪಿಸಿಕೊಂಡು ಹೊರಟಿದ್ದವರನ್ನು ಇಬ್ಬರು ತಡೆದರು. ಧ್ವನಿ ಚೆನ್ನಾಗಿತ್ತೆಂದರು. ತಪ್ಪನ್ನು ಗಮನಿಸಿದವರು ಇಡೀ ದೇವಾಲಯದಲ್ಲಿ ಒಬ್ಬರೇ ಒಬ್ಬರು, ಪುಸ್ತಕ ತೆರೆದಿಟ್ಟುಕೊಂಡು ಕೇಳುವ ಅಭ್ಯಾಸವಿದ್ದ ಒಬ್ಬ ಹಿರಿಯರು. ಅವರೂ ನಕ್ಕು ಸುಮ್ಮನಾದರು. ಇದರಲ್ಲಿ ನಮಗೆ ಸಮಾಧಾನದ ಜೊತೆಗೆ ಸಣ್ಣದೊಂದು ದುಃಖವೂ ಆಯಿತು. ದೇವರ ವಾಕ್ಯ ತಲೆಕೆಳಗಾದರೂ ಕೇಳುವವರಿಗೆ ತಿಳಿಯುವುದಿಲ್ಲವೆಂದರೆ ಏನರ್ಥ? ಅದು ಬೇರೆ ಲೇಖನದ ವಸ್ತು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ತೊಡಲು ನಾಚಿಕೆಯಾಗುವಂಥ ಚಿತ್ರವಿದ್ದ ಅಂಗಿಯನ್ನು ವಿದ್ಯಾರ್ಥಿಗಳಿಗೆ ತೊಡಿಸಿ, ಇತರರು ಕುಳಿತಿದ್ದ ಕೋಣೆಗೆ ಕಳುಹಿಸಿದರು. ಹೊರಬಂದ ಮೇಲೆ, ಅಂಗಿಯ ಚಿತ್ರವನ್ನು ಎಷ್ಟು ಜನ ಗುರುತಿಸಿರಬಹುದೆಂದು ಕೇಳಿದರು. ಅರ್ಧದಷ್ಟು ಜನವಾದರೂ ಗುರುತಿಸಿರುತ್ತಾರೆಂದು ಅಂಗಿ ತೊಟ್ಟವರು ಭಾವಿಸಿದ್ದರು. ನಿಜವಾಗಿ ಗುರುತಿಸಿದವರು ಸುಮಾರು ಕಾಲುಭಾಗ. ನಮ್ಮ ಮೇಲೆ ಬಿದ್ದಿದೆಯೆಂದು ನಾವು ತಿಳಿಯುವ ಬೆಳಕು ನಾವು ತಿಳಿದಷ್ಟು ಪ್ರಖರವಲ್ಲ. ಉಳಿದವರು ತಮ್ಮ ತಮ್ಮ ಅಂಗಿಯ ಚಿಂತೆಯಲ್ಲಿರುತ್ತಾರೆ.

ಸಭಾಕಂಪ ಎಂದು ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಹೆಸರಿದೆ. ಸಭೆಯನ್ನು ಕಂಡು ದೇಹ ನಡುಗುವುದು ದೌರ್ಬಲ್ಯದ ಲಕ್ಷಣವಲ್ಲ, ವಿಶ್ವಾಸದ ಕೊರತೆಯಂತೂ ಅಲ್ಲವೇ ಅಲ್ಲ. ಅಪಾಯವಿದೆಯೆಂದು ಮನಸ್ಸು ಎಣಿಸಿದಾಗ ದೇಹ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಹೃದಯ ವೇಗವಾಗುತ್ತದೆ, ಬಾಯಿ ಒಣಗುತ್ತದೆ, ಕೈ ಬೆವರುತ್ತದೆ. ಎದುರಿಗಿರುವುದು ಹುಲಿಯೋ ಧ್ವನಿವರ್ಧಕವೋ ಎಂಬ ವಿವೇಚನೆ ದೇಹಕ್ಕಿಲ್ಲ. ಈ ಕಂಪ ಆರಂಭದಲ್ಲಿ ಏರಿ, ಅಲ್ಲಿಯೇ ನಿಂತಿದ್ದರೆ ಮೆಲ್ಲನೆ ಇಳಿಯುವಂಥದು. ಆದರೆ ವಾಚನ ಎರಡು ಮೂರು ನಿಮಿಷದ ಕೆಲಸ. ಅಂಜಿಕೆ ಇಳಿಯುವ ಮೊದಲೇ ಓದುಗ ಬೆಂಚಿಗೆ ಮರಳಿಬಿಡುತ್ತಾನೆ. ಅವನು ಮನೆಗೆ ಒಯ್ಯುವುದು ಅಂಜಿಕೆಯ ಶಿಖರದ ನೆನಪನ್ನು ಮಾತ್ರ. ಆದ್ದರಿಂದಲೇ ಒಮ್ಮೆ ಓದಿ “ಇನ್ನು ಸಾಕು” ಎಂದವರು ನಮ್ಮಲ್ಲಿ ಬಹಳ. ಎರಡನೆಯ, ಮೂರನೆಯ ಸಲ ನಿಂತವರಿಗೆ ಮಾತ್ರ ಇಳಿಜಾರಿನ ಪರಿಚಯವಾಗುತ್ತದೆ.

ಇಷ್ಟು ಎಲ್ಲ ಊರುಗಳಿಗೂ ಅನ್ವಯಿಸುವ ಮಾತು. ಹುಬ್ಬಳ್ಳಿ-ಧಾರವಾಡದ ಕಥೋಲಿಕ ಕುಟುಂಬಗಳಿಗೆ ಇನ್ನೊಂದು ಅಳುಕಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮವರಲ್ಲಿ ಅನೇಕರ ಅಜ್ಜಂದಿರು ಇಲ್ಲಿಗೆ ಬಂದದ್ದು ರೈಲಿನ ಬೆನ್ನುಹತ್ತಿ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದು, ಇಲ್ಲಿ ಕಾರ್ಯಾಗಾರ ತೆರೆದ ಮೇಲೆ ಗೋವೆಯಿಂದ, ಮಂಗಳೂರಿನಿಂದ, ತಮಿಳು ಸೀಮೆಯಿಂದ ಫಿಟ್ಟರುಗಳೂ ಗಾರ್ಡುಗಳೂ ಚಾಲಕರೂ ಬಂದರು. ಅವರ ಮನೆಗಳಲ್ಲಿ ಜಪಮಾಲೆ ನಡೆದದ್ದು ಕೊಂಕಣಿಯಲ್ಲಿ, ತಮಿಳಿನಲ್ಲಿ, ಕೆಲವೆಡೆ ಇಂಗ್ಲಿಷಿನಲ್ಲಿ. ಗೋವೆಯ ಮೂಲದವರ ಪ್ರಾರ್ಥನೆಯ ಪುಸ್ತಕ ರೋಮನ್ ಲಿಪಿಯದು. ಮಂಗಳೂರಿನವರದು ಕನ್ನಡ ಲಿಪಿ, ಆದರೆ ಭಾಷೆ ಕೊಂಕಣಿ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಾದ್ದರಿಂದ, ಆ ಮನೆಯ ಹಿರಿಯರ ನಾಲಗೆಯಲ್ಲಿ ಅವು ಆಗಾಗ ಜಾಗ ಬದಲಿಸುತ್ತವೆ. ಇಂಥವರ ಮಕ್ಕಳು, ಮೊಮ್ಮಕ್ಕಳು ದುರ್ಗದಬೈಲಿನಲ್ಲಿ ಚೌಕಾಸಿ ಮಾಡುವ ಕನ್ನಡವೇ ಬೇರೆ, ವಾಚನಪೀಠದ ಮೇಲಿನ ಗ್ರಂಥದ ಕನ್ನಡವೇ ಬೇರೆ.

ಪರಿಚಿತರಾದ ಒಬ್ಬ ತಾಯಿ ನಮ್ಮ ಕಣ್ಣು ತೆರೆಸಿದರು. ಪತಿ ರೈಲ್ವೆಯಲ್ಲಿದ್ದವರು, ಈಗಿಲ್ಲ. ಆಕೆ ಹುಟ್ಟಿದ್ದು, ಬೆಳೆದದ್ದು, ಮಕ್ಕಳ ಮದುವೆ ಮಾಡಿದ್ದು ಎಲ್ಲ ಇದೇ ಊರಿನಲ್ಲಿ. ಮೂವತ್ತು ವರ್ಷಗಳಿಂದ ವಾಚನ ಮಾಡಿರೆಂದು ಕೇಳಿದವರಿಗೆಲ್ಲ ಇಲ್ಲವೆಂದೇ ಹೇಳುತ್ತ ಬಂದಿದ್ದರು. ಒಮ್ಮೆ ನಾವೂ ಕೇಳಿದೆವು. “ಒಲ್ಲೆ ತಮ್ಮಾ” ಎಂದರು. “ಯಾಕ ಆಂಟಿ, ನಿಮಗ ಓದಾಕ ಬರತೈತಲ್ಲ?” ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದು ಇದು: “ಓದಾಕ ಬರತೈತಿ. ಆದ್ರ ನಾ ಬಾಯಿ ತೆಗದ್ರ, ಈಕಿ ಈ ಊರಾಕಿ ಅಲ್ಲ ಅಂತ ಎಲ್ಲಾರಿಗೂ ಗೊತ್ತಾಗತೈತಿ.”

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂಜಿಕೆ ಅಕ್ಷರಗಳದಲ್ಲ, ಶಬ್ದಗಳದಲ್ಲ. ಸಭೆಯಲ್ಲಿ ತನ್ನ ಸ್ಥಾನ ಯಾವುದು ಎಂಬುದರದು.

ಈ ಊರಿನ ಹೆಮ್ಮೆಯ ಗಾಯಕಿ ಗಂಗೂಬಾಯಿ ಹಾನಗಲ್ಲರ ಬಾಳಿನಲ್ಲಿಯೂ ಇಂಥದೇ ಒಂದು ಪ್ರಸಂಗವಿದೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಗಂಗೂಬಾಯಿ ಇದ್ದರು. ಆಗ ಅವರಿಗೆ ಹನ್ನೊಂದು ವರ್ಷ. ಅಷ್ಟು ದೊಡ್ಡ ಸಭೆಯ ಮುಂದೆ ಹಾಡುವುದಕ್ಕಿಂತ, ಊಟದ ಹೊತ್ತಿನಲ್ಲಿ ತನ್ನ ಜಾತಿಯ ಕಾರಣದಿಂದ ಏನಾಗುವುದೋ ಎಂಬ ಅಳುಕು ತಮ್ಮನ್ನು ಕಾಡಿತ್ತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಸ್ವರದ ಚಿಂತೆ ಆ ಮಗುವಿಗೆ ಇರಲಿಲ್ಲ, ಪಂಕ್ತಿಯ ಚಿಂತೆ ಇತ್ತು. ಆ ಬಾಲಕಿಯೇ ಮುಂದೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತು, 2009ರಲ್ಲಿ ತೀರಿಕೊಳ್ಳುವವರೆಗೆ ದೇಶವೇ ತಲೆಬಾಗಿದ ಹಾಡುಗಾರ್ತಿಯಾಗಿ ಬಾಳಿದರು. ನಡುವೆ ಅವರ ಕಂಠವೇ ಬದಲಾಗಿ ಗಡುಸಾಯಿತು. ಹೆಣ್ಣಿನ ಕಂಠ ಹೀಗಿರಬೇಕು ಎಂಬ ರೂಢಿಗೆ ಹೊಂದದ ಆ ಧ್ವನಿಯನ್ನು ಅವರು ಮರೆಮಾಚಲಿಲ್ಲ, ಅದರಲ್ಲಿಯೇ ಹಾಡಿದರು.

ಅದೇ ಅಧಿವೇಶನದ ಅಧ್ಯಕ್ಷಪೀಠದಲ್ಲಿದ್ದವರ ಕಥೆಯೂ ಬೇರೆಯಲ್ಲ. ಬ್ಯಾರಿಸ್ಟರಾಗಿ ಮರಳಿದ ಗಾಂಧೀಜಿ ಮುಂಬಯಿಯ ನ್ಯಾಯಾಲಯದಲ್ಲಿ ತಮ್ಮ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ತಿರುಗಿ, ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತುಬಿಟ್ಟರು. ಪಡೆದಿದ್ದ 30 ರೂಪಾಯಿ ಶುಲ್ಕವನ್ನು ಹಿಂದಿರುಗಿಸಿದರು. ಇದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ.

ಪವಿತ್ರಗ್ರಂಥವನ್ನು ಓದಲು ಅಂಜುವವರಿಗೆ, ಆ ಗ್ರಂಥದೊಳಗೇ ಅಂಜಿದವರು ಎಷ್ಟು ಮಂದಿ ಇದ್ದಾರೆಂಬುದನ್ನು ನಾವು ಸಾಕಷ್ಟು ಹೇಳಿಲ್ಲವೇನೋ. ಯೆರೆಮೀಯ ತಾನಿನ್ನೂ ಚಿಕ್ಕವನು, ಮಾತು ಬಾರದು ಎಂದ. ಕೊರಿಂಥದವರ ಬಳಿಗೆ ತಾವು ಹೋದದ್ದು ಅಂಜುತ್ತ ನಡುಗುತ್ತ ಎಂದು ಸಂತ ಪೌಲರೇ ಬರೆದರು. ಎಲ್ಲಕ್ಕಿಂತ ಮಿಗಿಲಾದದ್ದು ಮೋಶೆಯ ಪ್ರಸಂಗ. ಉರಿಯುವ ಪೊದೆಯ ಮುಂದೆ ನಿಂತು ಆತ ಒಂದರ ಮೇಲೊಂದು ನೆಪ ಹೂಡುತ್ತಾನೆ. ಚಾಳೀಸಿನ ನೆಪವೊಂದನ್ನು ಬಿಟ್ಟು ಉಳಿದೆಲ್ಲವೂ ಅಲ್ಲಿವೆ. ಕಡೆಗೆ ತನ್ನ ನಾಲಗೆ ಮಂದ ಎನ್ನುತ್ತಾನೆ. ಆಗ ದೇವರು ಮಾಡಿದ್ದೇನು? ಬಾಯನ್ನು ಸೃಷ್ಟಿಸಿದವರು ತಾವೇ ಎಂದು ನೆನಪಿಸಿದರು, ಗದರಿದರು ಕೂಡ. ಆದರೆ ಆ ನಾಲಗೆಯನ್ನು ಅಲ್ಲಿಯೇ ಚುರುಕುಗೊಳಿಸಿದರೆಂದು ಎಲ್ಲಿಯೂ ಬರೆದಿಲ್ಲ. ಅಣ್ಣ ಆರೋನನನ್ನು ಜೊತೆಗೆ ಕೊಟ್ಟು ಕಳುಹಿಸಿದರು. ಈ ಒಂದು ಸಂಗತಿಯನ್ನು ನಮ್ಮ ಧರ್ಮಕೇಂದ್ರಗಳು ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ಬಿನ್ನಹ. ಹೊಸಬರಿಗೆ ನಾವು ಪುಸ್ತಕ ಕೊಡುತ್ತೇವೆ, ಆರೋನನನ್ನು ಕೊಡುವುದಿಲ್ಲ.

ಯೇಸುಸ್ವಾಮಿ ನಜರೇತಿನ ಪ್ರಾರ್ಥನಾಮಂದಿರದಲ್ಲಿ ಎದ್ದುನಿಂತು ಯೆಶಾಯನ ಗ್ರಂಥವನ್ನು ಓದಿದ್ದನ್ನು ಸಂತ ಲೂಕರು ದಾಖಲಿಸಿದ್ದಾರೆ. ಆ ದಿನ ಕೇಳಿದವರು ಕಡೆಗೆ ಅವರನ್ನು ಊರ ಹೊರಗಿನ ಬೆಟ್ಟದಂಚಿನಿಂದ ತಳ್ಳಲು ಹೊರಟರು. ನಮ್ಮ ಸಭಿಕರು ಅಷ್ಟು ದೂರ ಹೋದ ನಿದರ್ಶನ ಇನ್ನೂ ಇಲ್ಲ.

ಓದುವ ಈ ಹಕ್ಕು ನಮಗೆ ದಕ್ಕಿದ್ದು ಎಂದಿನಿಂದ ಎಂಬುದನ್ನೂ ಕಿರಿಯರು ತಿಳಿಯಬೇಕು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಪೀಠದ ಮೇಲಿನ ವಾಚನ ಲತೀನಿನಲ್ಲಿ, ಗುರುಗಳ ಬಾಯಲ್ಲಿ. ಜನ ತಮ್ಮ ಜಪಮಾಲೆಯಲ್ಲಿ ಮಗ್ನರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನ ಜನಭಾಷೆಗಳಿಗೆ ಬಾಗಿಲು ತೆರೆಯಿತು. 1969ರಲ್ಲಿ ಪ್ರಕಟವಾದ ಹೊಸ ವಾಚನಕ್ರಮ, ಮೂರು ವರ್ಷಗಳ ಆವರ್ತನದಲ್ಲಿ ಹಳೆಯ ಒಡಂಬಡಿಕೆಯನ್ನೂ ಭಾನುವಾರದ ಜನರ ಕಿವಿಗೆ ತಲುಪಿಸಿತು. 1972ರಲ್ಲಿ ಆರನೆಯ ಪೌಲ್ ಪೋಪರು ವಾಚಕ ಸೇವೆಯನ್ನು ಗುರುಪದವಿಯ ಮೆಟ್ಟಿಲೆನ್ನುವ ಸ್ಥಾನದಿಂದ ಬಿಡಿಸಿ ಗೃಹಸ್ಥ ಪುರುಷರಿಗೂ ತೆರೆದರು. ಮಹಿಳೆಯರು ಅನೇಕ ದಶಕಗಳಿಂದ ಓದುತ್ತಿದ್ದರೂ ವಿಧಿವತ್ತಾಗಿ ಆ ಸೇವೆಗೆ ನೇಮಕಗೊಳ್ಳಲು ಅವಕಾಶವಾದದ್ದು 2021ರ ಜನವರಿ 10ರಂದು, ಪೋಪ್ ಫ್ರಾನ್ಸಿಸರ ಆದೇಶದಿಂದ. ಇಷ್ಟು ದೂರ ಬಂದ ದಾರಿಯ ಕೊನೆಯ ಹದಿನಾಲ್ಕು ಹೆಜ್ಜೆಗಳನ್ನು ನಾವು ಇಡಲಾರೆವೆಂದರೆ ಏನನ್ನಬೇಕು!

ಆದರೆ ನಮ್ಮ ಮಾತಿಗೆ ಆಕ್ಷೇಪವಿದೆ, ಅದು ಹಗುರವಾದದ್ದೂ ಅಲ್ಲ. ಒಬ್ಬ ಮಿತ್ರರು ಖಂಡಿತವಾಗಿ ಹೇಳಿದರು: ದೇವರ ವಾಕ್ಯ ಅಭ್ಯಾಸದ ಹಲಗೆಯಲ್ಲ, ಅಂಜುಬುರುಕರ ಚಿಕಿತ್ಸೆಗಾಗಿ ಸಭೆಯನ್ನು ಬಳಸಬಾರದು, ತಡವರಿಸುವ ವಾಚನದಿಂದ ಕೇಳುವವರಿಗೆ ಅನ್ಯಾಯ. ಧರ್ಮಸಭೆಯ ಪೂಜಾವಿಧಿಯ ಸೂಚನೆಗಳೂ ವಾಚಕರು ಆ ಕೆಲಸಕ್ಕೆ ತಕ್ಕವರಾಗಿರಬೇಕು, ಎಚ್ಚರದಿಂದ ಸಿದ್ಧರಾಗಿರಬೇಕು ಎಂದೇ ವಿಧಿಸುತ್ತವೆ. ಒಪ್ಪಿದೆವು. ಆದರೆ ಆ ಸಿದ್ಧತೆ ಆಕಾಶದಿಂದ ಇಳಿಯುವುದೇ? ಪೂಜೆಗೆ ಹತ್ತು ನಿಮಿಷ ಮೊದಲು ಬಾಗಿಲಲ್ಲಿ ಹಿಡಿದು ಪುಸ್ತಕ ಕೈಗಿಡುವ ನಮ್ಮ ಪದ್ಧತಿಯಲ್ಲಿ, ಅನುಭವಿಗಳನ್ನು ಬಿಟ್ಟು ಯಾರು ತಾನೇ ಒಪ್ಪಿಯಾರು? ಅಂಜುವವರನ್ನು ನಾವೇ ತಯಾರಿಸಿ, ಅವರು ಅಂಜುತ್ತಾರೆಂದು ದೂರುತ್ತೇವೆ. ನಿವೃತ್ತ ಶಿಕ್ಷಕರು ಚೆನ್ನಾಗಿಯೇ ಓದುತ್ತಾರೆ, ದೇವರು ಅವರಿಗೆ ದೀರ್ಘಾಯುಷ್ಯ ಕೊಡಲಿ. ಅವರ ನಂತರ?

ಆ ತಾಯಿಯ ವಿಷಯದಲ್ಲಿ ನಡೆದದ್ದನ್ನು ಹೇಳಿದರೆ ನಮ್ಮ ಸಲಹೆಗಳೆಲ್ಲ ಅದರಲ್ಲಿಯೇ ಬಂದುಬಿಡುತ್ತವೆ. ಅವರಿಗೆ ಮೂರು ವಾರ ಮೊದಲೇ ವಾಚನದ ಪ್ರತಿ ಸಿಕ್ಕಿತು. ಮೊದಲು ಒಪ್ಪಿಸಿದ್ದು ವಿಶ್ವಾಸಿಗಳ ಪ್ರಾರ್ಥನೆಯ ಒಂದೇ ಒಂದು ಬೇಡಿಕೆಯನ್ನು, ಅದೂ ವಾರದ ದಿನದ ಪೂಜೆಯಲ್ಲಿ. ಅಂದು ಇದ್ದವರು ಏಳು ಜನ. ಮನೆಯಲ್ಲಿ ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗಳು ಅಜ್ಜಿಯ ಜೊತೆ ಕುಳಿತು ಓದಿದಳು. ಮಗುವಿಗೂ ಕನ್ನಡ ಅಷ್ಟಕ್ಕಷ್ಟೆ, ಇಬ್ಬರೂ ಸೇರಿ ಒತ್ತಕ್ಷರಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿದರು, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬಲ್ಲಿ ಅಡ್ಡಗೆರೆ ಎಳೆದರು. ಶನಿವಾರ ಸಂಜೆ ಖಾಲಿ ದೇವಾಲಯದಲ್ಲಿ ಧ್ವನಿವರ್ಧಕ ಹಚ್ಚಿ ಓದಿಸಲಾಯಿತು. ಕಾವಲುಗಾರ ಕೊನೆಯ ಬೆಂಚಿನಲ್ಲಿ ಕುಳಿತು, ಕೇಳಿಸಿದಾಗ ಕೈ ಎತ್ತುತ್ತಿದ್ದ. ಅರ್ಧ ಗಂಟೆ ಅಲ್ಲಿಯೇ ನಿಂತಿದ್ದರಿಂದ ಕಂಪ ಏರಿ ಇಳಿಯುವುದನ್ನು ಅವರೇ ಕಂಡುಕೊಂಡರು. “ಈಗ ಕಾಲು ಸುಮ್ಮನಾದುವು” ಎಂದರಂತೆ. ಭಾನುವಾರ ನಮ್ಮ ಶಿಕ್ಷಕರು ಅವರ ಪಕ್ಕದ ಬೆಂಚಿನಲ್ಲಿ ಇನ್ನೊಂದು ಪ್ರತಿ ಹಿಡಿದು ಕುಳಿತರು. ಆರೋನನ ಕೆಲಸ ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ನಾವು ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ. ವಾಚಕರು ಎಡವಿದಾಗ ಮುಂದಿನ ಸಾಲಿನಿಂದ ಸರಿಯಾದ ಶಬ್ದವನ್ನು ಗಟ್ಟಿಯಾಗಿ ಒದಗಿಸುವ ಪಂಡಿತರು, ಪೂಜೆಯ ನಂತರ ಅಂಗಳದಲ್ಲಿ ಉಚ್ಚಾರವನ್ನು ಅನುಕರಿಸಿ ನಗಿಸುವ ಯುವಕರು ಪ್ರತಿ ಧರ್ಮಕೇಂದ್ರದಲ್ಲಿದ್ದಾರೆ. ಮೂವತ್ತು ವರ್ಷ ಒಬ್ಬ ಹೆಣ್ಣುಮಗಳ ಬಾಯಿ ಕಟ್ಟಿದ್ದು ಇಂಥ ನಗೆಯೇ. ಧಾರವಾಡದ ಅಚ್ಚಗನ್ನಡದ ಮನೆಯಲ್ಲಿ ಹುಟ್ಟಿದವರಿಗೂ ಪೀಠದ ಮೇಲಿನ ಗ್ರಂಥಭಾಷೆ ಹೊಸತೇ. ಆ ಕನ್ನಡವನ್ನು ಆಡುವ ಮನೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಅದರ ಮುಂದೆ ನಾವೆಲ್ಲರೂ ಹೊರಗಿನವರು, ಎಲ್ಲರೂ ಒಳಗಿನವರು.

ಆ ಭಾನುವಾರ ಅವರು ಓದಿದರು. ಸಕಾರ ಶಕಾರಗಳು ಒಂದೆರಡು ಕಡೆ ಬದಲಾದವು. ಒಂದು ಒತ್ತಕ್ಷರದಲ್ಲಿ ಎಡವಿ, ನಿಂತು, ಅದೇ ಶಬ್ದವನ್ನು ಮತ್ತೊಮ್ಮೆ ಓದಿ ಮುಂದೆ ಹೋದರು. ಕೊಂಕಣಿಯ ಎಳೆತ ಆ ಧ್ವನಿಯಲ್ಲಿ ಸ್ಪಷ್ಟವಾಗಿತ್ತು. ದೇವಾಲಯ ನಿಶ್ಶಬ್ದವಾಗಿತ್ತು, ಎರಡು ಹಾಳೆ ಒಟ್ಟಿಗೆ ಮಗುಚಿದ್ದರೆ ಅಂದು ಎಲ್ಲರಿಗೂ ತಿಳಿಯುತ್ತಿತ್ತು.

ಈಗ ಹೊಸ ಪಟ್ಟಿ ಸಿದ್ಧವಾಗುತ್ತಿದೆ. ಪಂಚಾಶತ್ತಮ ಹಬ್ಬದ ಮೊದಲ ವಾಚನದ ಮುಂದಿನ ಜಾಗ ಎಂದಿನಂತೆ ಖಾಲಿ. ಪ್ರೇಷಿತರ ಕಾರ್ಯಕಲಾಪಗಳ ಆ ಭಾಗದಲ್ಲಿ ಪಾರ್ಥಿಯರು, ಮೇದ್ಯರು, ಏಲಾಮ್ಯರು, ಕಪ್ಪದೋಕ್ಯ, ಫ್ರಿಗಿಯ, ಪಂಫೀಲಿಯ ಎಲ್ಲ ಒಟ್ಟಿಗೆ ಮೇಲೆ ಬೀಳುತ್ತಾರೆಂಬುದು ಓದಿದವರಿಗೆ ಗೊತ್ತು. ಜನರೆಲ್ಲ ತಂತಮ್ಮ ಭಾಷೆಯಲ್ಲಿ ಕೇಳಿಸಿಕೊಂಡ ದಿನದ ವಾಚನವನ್ನು ಓದಲು ಯಾವ ಭಾಷೆಯವರೂ ಮುಂದೆ ಬರುತ್ತಿಲ್ಲ. ಆ ತಾಯಿ ಪಟ್ಟಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ, “ನನ್ನ ಹೆಸರು ಬರಕೋರಿ. ಆದ್ರ ಆ ಪಂಫೀಲಿಯಾದ್ದು ಮಾತ್ರ ಬ್ಯಾಡ” ಎಂದರು. ಆ ಸಾಲಿಗೆ ನಾವು ನಮ್ಮ ಹೆಸರನ್ನೇ ಬರೆದಿದ್ದೇವೆ. ಮನೆಯಲ್ಲಿ ಏಲಾಮ್ಯರ ಅಭ್ಯಾಸ ಆರಂಭವಾಗಿದೆ.